ಜ್ವರ ನಮ್ಮದು ಎಂದ ಓಬಳಮ್ಮ

ಎದುರಿಗೆ ಯಾರು ಬಂದು ಏನೇ ಹೇಳಲಿ, ಓಬಳಮ್ಮ ಮೊದಲು ಕೇಳುತ್ತಿದ್ದುದು ಒಂದೇ ಮಾತು: "ಇದ್ರಾಗೆ ಯಾರಿಗೇನು ಐತೆ?" ಊರಿಗೆ ಹೊಲಿಗೆ ಯಂತ್ರ ಬರುತ್ತವೆ ಎಂದರೂ ಅದೇ ಪ್ರಶ್ನೆ, ಅಂಗನವಾಡಿಗೆ ಬಣ್ಣ ಬಳಿಸೋಣ ಎಂದರೂ ಅದೇ. ಕೇಳುವಾಗ ಸಿಟ್ಟಿರುತ್ತಿರಲಿಲ್ಲ, ಕುಹಕವೂ ಇರುತ್ತಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳುವ ಆಸೆ. ಕೇಳಿದ ಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಹುರಿದ ಶೇಂಗಾಕಾಯಿ ತೆಗೆದು, ಹೆಬ್ಬೆರಳಲ್ಲಿ ಒಡೆದು, ಉತ್ತರ ಬರುವ ತನಕ ನಿಧಾನವಾಗಿ ಅಗಿಯುತ್ತಾ ಕೂರುತ್ತಿದ್ದರು. ಅವರ ಕಣ್ಣು ಮಾತ್ರ ಎದುರಿಗಿದ್ದವನ ಮುಖ ಬಿಟ್ಟು ಕದಲುತ್ತಿರಲಿಲ್ಲ. ಸುಳ್ಳು ಹೇಳುವ ತಯಾರಿಯಲ್ಲಿ ಬಂದವರು ಆ ಶೇಂಗಾ ಮುಗಿಯುವುದರೊಳಗೆ ನಿಜ ಹೇಳಿಬಿಡುತ್ತಿದ್ದರು.

ನಾನು ಚಳ್ಳಕೆರೆಯವನು. ಆರೋಗ್ಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ಸೇರಿದಾಗ ನನ್ನ ಮೊದಲ ಪೋಸ್ಟಿಂಗು ಮೊಳಕಾಲ್ಮೂರು ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರಕ್ಕೆ. ಆ ಕೇಂದ್ರಕ್ಕೆ ಸೇರಿದ ಹಳ್ಳಿಗಳಲ್ಲಿ ದೊಡ್ಡದು ಓಬಳಮ್ಮನವರ ಊರು. ಕೊಂಡ್ಲಹಳ್ಳಿ ಕಡೆಯ ಬಸ್ಸಿನಿಂದ ಇಳಿದು ಒಳಕ್ಕೆ ನಡೆಯಬೇಕು. ಊರಿನ ಹೆಸರು ಬೇಡ. ಆಗ ಒಬ್ಬರ ಮುಖ ಒಬ್ಬರು ನೋಡದಷ್ಟು ಜಗಳವಾಡಿದವರು ಈಗ ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗಿ ಬರುತ್ತಿದ್ದಾರೆ. ಊರಿನ ಮೇಲು ಭಾಗದಲ್ಲಿ ರೈತರ ಕೇರಿ, ತಗ್ಗಿನಲ್ಲಿ ರೇಷ್ಮೆ ಸೀರೆ ನೇಯುವವರ ಬೀದಿ. ರೈತರದು ಕನ್ನಡ, ನೇಕಾರರ ಮನೆಮಾತು ತೆಲುಗು. ಓಬಳಮ್ಮ ಮೇಲಿನ ಕೇರಿಯವರು. ಎರಡೂ ಭಾಷೆಗಳಲ್ಲಿ ಸರಾಗವಾಗಿ ಜಗಳವಾಡಬಲ್ಲವರು.

ಗ್ರಾಮ ಪಂಚಾಯ್ತಿ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದಾಗ ಅವರ ಗಂಡ ಬೋರಣ್ಣ, ಹೆಂಡತಿಯ ಹೆಸರಲ್ಲಿ ತಾನೇ ಊರು ಆಳಬಹುದು ಎಂದುಕೊಂಡಿದ್ದರಂತೆ. ಮೊದಲ ಸಭೆಯ ದಿನ ಅಧ್ಯಕ್ಷರ ಕುರ್ಚಿಯಲ್ಲಿ ಹೋಗಿ ಕೂತೂ ಬಿಟ್ಟರು. ಓಬಳಮ್ಮ ಎಲ್ಲರ ಎದುರು ಗಂಡನಿಗೆ ಕೈಮುಗಿದು, "ಅಧ್ಯಕ್ಷರಿಗೆ ನಮಸ್ಕಾರ. ನಮ್ಮ ಯಜಮಾನ್ರು ಎಮ್ಮೆ ಕಟ್ಟದೇ ಎಲ್ಲಿಗೋ ಹೋಗಿಬಿಟ್ಟವ್ರೆ. ಕಂಡ್ರೆ ಒಸಿ ಮನೆಗೆ ಕಳಿಸ್ಕೊಡ್ರಿ" ಅಂದರು. ಸಭೆಯೆಲ್ಲ ನಕ್ಕಿತು. ಬೋರಣ್ಣನೂ ನಕ್ಕು ಎದ್ದು ಹೋದರು. ಈ ಕಥೆಯನ್ನು ನನಗೆ ಹೇಳಿದವರು ಬೋರಣ್ಣನೇ, ಅದೂ ಬಹಳ ಹೆಮ್ಮೆಯಿಂದ.

ನಾನು ಅವರನ್ನು ಮೊದಲು ಕಂಡದ್ದು ಪಂಪು ಹೊತ್ತ ಇಬ್ಬರು ಕೂಲಿಯವರನ್ನು ಕರೆದುಕೊಂಡು ಮನೆಗಳ ಗೋಡೆಗೆ ಸೊಳ್ಳೆ ಔಷಧಿ ಹೊಡೆಸಲು ಹೋದ ದಿನ. ಪಂಚಾಯ್ತಿ ಮುಂದಿನ ಹೊಂಗೆ ಮರದ ಕೆಳಗೆ ನಿಲ್ಲಿಸಿಕೊಂಡು ಅದೇ ಪ್ರಶ್ನೆ ಕೇಳಿದರು.

"ಸೊಳ್ಳೆ ಸಾಯ್ತವೆ ಅಮ್ಮಾ. ಮಲೇರಿಯಾ ಬರಲ್ಲ," ಅಂದೆ.

"ನಮ್ಮೂರಾಗೆ ಮಲೇರಿಯಾ ಐತಾ?"

"ಸದ್ಯಕ್ಕೆ ಇಲ್ಲ."

"ಇಲ್ದಿರೋ ಜರಕ್ಕೆ ಇಬ್ರನ್ನ ಕಟ್ಕೊಂಡು ಬಂದಿದೀಯ. ಬಂದಾಗ ಎಷ್ಟು ಜನ ಬರ್ತೀರಿ?"

ನಾನು ಇದ್ದದ್ದನ್ನು ಹೇಳಿದೆ. ಹಿಂದೆ ಜ್ವರ ಜಾಸ್ತಿ ಇದ್ದಾಗ ಇಲಾಖೆಯಲ್ಲಿ ಜನ ಇದ್ದರು, ಜೀಪು ಇತ್ತು, ಔಷಧಿ ಇತ್ತು. ಜ್ವರ ಕಡಿಮೆಯಾದಂತೆ ಹುದ್ದೆಗಳು ಖಾಲಿ ಉಳಿದವು, ಹಣ ಬೇರೆ ಕಾಯಿಲೆಗಳ ಕಡೆ ಹೋಯಿತು. ಈಗ ಈ ಇಬ್ಬರೂ ದಿನಗೂಲಿಯವರು, ನಾಳೆ ಬರುತ್ತಾರೋ ಇಲ್ಲವೋ ನನಗೂ ಗೊತ್ತಿಲ್ಲ.

ಓಬಳಮ್ಮ ಬಾಯಲ್ಲಿದ್ದುದನ್ನು ಅಗಿಯುವುದು ನಿಲ್ಲಿಸಿದರು. "ಅಂದ್ರೆ ನೀವು ಕೆಲ್ಸ ಚೆನ್ನಾಗಿ ಮಾಡಿದ್ರೆ ನಿಮ್ಮ ಕೆಲ್ಸಾನೇ ಹೋಗ್ತದೆ!" ಎಂದು ಜೋರಾಗಿ ನಕ್ಕರು. "ನಮ್ದೂ ಹಂಗೇ ಕಣಪ್ಪ. ಎಲ್ಲಾ ಬೀದಿಗೂ ನೀರು ಸರ್ಯಾಗಿ ಬಂದ್ಬಿಟ್ರೆ ಪ್ರೆಸಿಡೆಂಟಮ್ಮನ ಬಾಗ್ಲಿಗೆ ಯಾರು ಬರ್ತಾರೆ?"

ತಮಾಷೆಯ ಮಾತು ಎಂದುಕೊಂಡು ನಾನೂ ನಕ್ಕೆ. ಅದು ತಮಾಷೆಯಲ್ಲ ಎಂಬುದು ಊರು ಪರಿಚಯವಾದ ಮೇಲೆ ತಿಳಿಯಿತು. ಊರಿನ ನೀರೆಲ್ಲ ಪಂಚಾಯ್ತಿಯ ಬೋರ್‌ವೆಲ್‌ಗಳದು. ಯಾವ ಬೀದಿಗೆ ನೀರು ಹೋಗಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದುದು ವಾಲ್ವು ತಿರುಗಿಸುವ ಒಂದು ಉದ್ದನೆಯ ಕಬ್ಬಿಣದ ಸಲಾಕೆ. ಅದು ಓಬಳಮ್ಮನವರ ಮನೆಯ ಬಾಗಿಲ ಹಿಂದೆ ಇರುತ್ತಿತ್ತು. ನೀರು ಬಿಡುವವನು ಬೆಳಿಗ್ಗೆ ಬಂದು, "ಇವತ್ತು ಯಾವ ಕಡೀಕಮ್ಮ?" ಎಂದು ಕೇಳಿ ಒಯ್ಯುತ್ತಿದ್ದ. ಮೇಲಿನ ಕೇರಿಗೆ ದಿನ ಬಿಟ್ಟು ದಿನ ನೀರು. ನೇಕಾರರ ಬೀದಿಗೆ ಎಂಟು ದಿನಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ. ಚುನಾವಣೆಯಲ್ಲಿ ನೇಕಾರರು ತಮ್ಮ ಬೀದಿಯ ಹಿರಿಯ ವೆಂಕಟೇಶಪ್ಪ ನಿಲ್ಲಿಸಿದ್ದವರ ಕಡೆ ಹೋಗಿದ್ದರು. ಮಧ್ಯದ ದಿನಗಳಲ್ಲಿ ಆ ಬೀದಿಗೆ ಟ್ಯಾಂಕರ್ ಬರುತ್ತಿತ್ತು. ಟ್ಯಾಂಕರು ಓಬಳಮ್ಮನವರ ಮೈದುನ ತಿಪ್ಪೇಸ್ವಾಮಿಯದು. ಅದು ತುಂಬುತ್ತಿದ್ದುದು ಪಂಚಾಯ್ತಿ ಬೋರಿನಲ್ಲೇ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ, ಅಷ್ಟೆ.

ಇಷ್ಟು ಕೇಳಿ ಅವರನ್ನು ಕೆಟ್ಟವರು ಎಂದುಕೊಳ್ಳಬೇಡಿ. ನಾನು ಹಾಗೆಂದುಕೊಳ್ಳಲು ಪ್ರಯತ್ನಪಟ್ಟು ಸೋತಿದ್ದೇನೆ. ಹೆರಿಗೆ ಬೇನೆ ಎಂದರೆ ಯಾವ ಬೀದಿಯೆಂದು ನೋಡದೆ ಮೈದುನನ ಜೀಪು ಎಬ್ಬಿಸುತ್ತಿದ್ದರು. ಪಿಂಚಣಿ ನಿಂತ ಮುದುಕಿಯರನ್ನು ಕರೆದುಕೊಂಡು ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದರು, ಕೆಲಸ ಆಗುವವರೆಗೂ. ನೀರಿನ ವಿಷಯ ಬೇರೆ. ಅದು ಅವರ ಮಟ್ಟಿಗೆ ರಾಜಕೀಯ. ರಾಜಕೀಯವನ್ನು ಎಲ್ಲರೂ ಮಾಡುವ ಹಾಗೆಯೇ ಅವರೂ ಮಾಡುತ್ತಿದ್ದರು.

ಆ ಬೇಸಿಗೆಯಲ್ಲಿ ಜ್ವರ ಬಂತು. ಕರಾವಳಿ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದ ಇಬ್ಬರು ನೇಕಾರರ ಹುಡುಗರು ನಡುಗುತ್ತಾ ಮನೆಗೆ ಬಂದರು. ಮಗ್ಗದ ಕೂಲಿ ಸಾಲದೆ ಹೋದವರು ಅವರು. ರಕ್ತ ನೋಡಿದರೆ ಇಬ್ಬರಿಗೂ ಮಲೇರಿಯಾ. ಮಾತ್ರೆ ಕೊಟ್ಟೆ, ಸೊಳ್ಳೆ ಪರದೆ ಕೊಟ್ಟೆ, ಇನ್ನೇನು ಮುಗಿಯಿತು ಎಂದುಕೊಂಡೆ. ಕೆಲವು ವಾರದಲ್ಲಿ ಆ ಬೀದಿಯ ಮನೆಮನೆಯಲ್ಲಿ ಯಾರೋ ಒಬ್ಬರು ಕಂಬಳಿ ಹೊದ್ದು ಮಲಗಿದ್ದರು. ಬಾಗಿಲು ತಟ್ಟಿದರೆ "ಏನೂ ಇಲ್ಲ ಸಾರ್, ನೆಗಡಿ" ಎನ್ನುತ್ತಿದ್ದರು. ರಕ್ತಕ್ಕೆ ಬೆರಳು ಕೊಡುತ್ತಿರಲಿಲ್ಲ. ಅಂಗಡಿಯಿಂದ ಜ್ವರದ ಮಾತ್ರೆ ತಂದು ನುಂಗಿ ಮತ್ತೆ ಮಗ್ಗದ ಗುಂಡಿಗೆ ಇಳಿಯುತ್ತಿದ್ದರು.

ಯಾಕೆ ಹೀಗೆ ಎಂದು ವೆಂಕಟೇಶಪ್ಪನವರನ್ನು ಕೇಳಿದೆ. ಸಣ್ಣ ಮೈಯ, ಮೆಲ್ಲನೆ ಮಾತಾಡುವ ಮನುಷ್ಯ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯ ಅಂಚನ್ನು ಸವರುತ್ತಾ ಹೇಳಿದರು: "ಈ ರೇಷ್ಮೆ ನಮ್ದಲ್ಲ ಸಾರ್, ಸಾಹುಕಾರಂದು. ಕೈ ಮಾತ್ರ ನಮ್ದು. ನೀವು ಗೋಡೆಗೆ ಔಷಧಿ ಹೊಡೀತೀರಿ, ಒಂದು ಹನಿ ಸೀರೆ ಮೇಲೆ ಬಿದ್ರೆ ಅದು ನಮ್ಮ ತಲೆ ಮೇಲೆ. ಜ್ವರದ ಬೀದಿ ಅಂತ ಹೆಸರು ಬಿದ್ರೆ ಅವರು ನೂಲು ಕೊಡೋದು ನಿಲ್ಲಿಸ್ತಾರೆ. ನೀವು ಮಾತ್ರೆ ಕೊಡ್ತೀರಿ, ಸರಿ. ನೂಲು ಕೊಡ್ತೀರಾ?"

ಹೊರಗೆ ಅಂಗಳದಲ್ಲಿ ಸಿಮೆಂಟು ತೊಟ್ಟಿ, ಅದರ ಪಕ್ಕ ಎರಡು ಡ್ರಮ್ಮು, ಅದರಾಚೆ ಸಾಲು ಕೊಡ. ಎಲ್ಲದರಲ್ಲೂ ನೀರು. ಪ್ರತಿ ಮನೆಯಲ್ಲೂ ಹೀಗೇ. ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ ಉಜ್ಜಿ ಒಣಗಿಸಿ ಎಂದು ಹೇಳುವುದು ನನ್ನ ಕೆಲಸ. ಹೇಳಿದೆ. ವೆಂಕಟೇಶಪ್ಪನವರ ಸೊಸೆ ಲಲಿತಾ ಬಾಗಿಲಲ್ಲಿ ನಿಂತಿದ್ದಳು, ತುಂಬು ಬಸುರಿ. "ಬರಿದು ಮಾಡ್ತೀವಿ ಸಾರ್. ತುಂಬಿಸೋರು ಯಾರು?" ಎಂದು ಕೇಳಿ, ಮಾವ ಇದ್ದಾರೆಂದು ನೆನಪಾಗಿ ನಾಚಿ ಒಳಗೆ ಹೋದಳು.

ಆ ತೊಟ್ಟಿಯ ನೀರನ್ನು ಒಂದು ಬಿಳಿ ಬಟ್ಟಲಲ್ಲಿ ಹಿಡಿದುಕೊಂಡು ನೇರ ಓಬಳಮ್ಮನವರ ಮನೆಗೆ ಹೋದೆ. ಬಟ್ಟಲನ್ನು ಜಗಲಿಯ ಮೇಲೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು, ಬಗ್ಗಿ, ಬಹಳ ಹೊತ್ತು ನೋಡಿದರು.

"ಇವು ಹುಳಾನಾ?"

"ಸೊಳ್ಳೆ ಮರಿ ಅಮ್ಮಾ. ನೀರಿನ ಮೇಲ್ಗಡೆ ಅಡ್ಡ ಮಲಗಿದಾವೆ ನೋಡ್ರಿ, ಅವೇ ಮಲೇರಿಯಾದವು."

"ಬಚ್ಚಲ ನೀರಾಗೆ ಅಲ್ವಾ ಸೊಳ್ಳೆ ಹುಟ್ಟಾದು? ಇದು ಕುಡ್ಯಾ ನೀರು."

"ಇವಕ್ಕೆ ಒಳ್ಳೆ ನೀರೇ ಬೇಕು."

"ಆಹಾ, ದೊಡ್ಡ ಮನುಷ್ಯರು!" ಬೆರಳು ಅದ್ದಿ ನೀರು ಕದಡಿದರು, ಮರಿಗಳು ಸರಕ್ಕನೆ ತಳಕ್ಕೆ ಇಳಿದವು. ಮಗುವಿನಂತೆ ಮತ್ತೊಮ್ಮೆ ಕದಡಿ ನೋಡಿದರು. "ಹುಟ್ಟಿ ಹಾರಾಕೆ ಎಷ್ಟು ದಿನ ಬೇಕು?"

"ಈ ಬಿಸಿಲಿಗೆ ಎಂಟು ದಿನ, ಹತ್ತು ದಿನ."

ಅವರ ಬೆರಳು ನೀರಿನಲ್ಲೇ ನಿಂತಿತು. ತಲೆ ಎತ್ತಲಿಲ್ಲ. ನೇಕಾರರ ಬೀದಿಗೆ ನೀರು ಬಿಡುತ್ತಿದ್ದ ಲೆಕ್ಕವೂ ಅದೇ. ಆಮೇಲೆ ಬಟ್ಟಲನ್ನು ಎತ್ತಿ ಬಿಸಿಲಲ್ಲಿ ಕಾದಿದ್ದ ಅಂಗಳಕ್ಕೆ ಚೆಲ್ಲಿ, "ಬೋರ್‌ನಾಗೆ ನೀರಿಲ್ಲ ಇನ್ಸ್‌ಪೆಟ್ರೇ. ನಾನೇನು ಮಾಡ್ಲಿ," ಅಂದರು. ಆ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ. ಹೊರಗೆ ತಿಪ್ಪೇಸ್ವಾಮಿಯ ಟ್ಯಾಂಕರು ತುಂಬಿಕೊಂಡು, ಹಿಂದಿನಿಂದ ನೀರು ತುಳುಕಿಸುತ್ತಾ ಹೋಯಿತು.

ಆಮೇಲಿನ ವಾರ ಲಲಿತಾಗೆ ಜ್ವರ ಬಂತು. ಮನೆಯವರು ಎರಡು ದಿನ ಮುಚ್ಚಿಟ್ಟರು. ಮೂರನೆಯ ದಿನ ಮಾತು ತೊದಲತೊಡಗಿದಾಗ ವೆಂಕಟೇಶಪ್ಪ ಓಡಿಹೋದದ್ದು ಓಬಳಮ್ಮನವರ ಬಾಗಿಲಿಗೇ. ಜೀಪು ಬೇಕಿತ್ತಲ್ಲ. ನಾನು ಊರಲ್ಲೇ ಇದ್ದೆ. ಬೆರಳಿನ ರಕ್ತ ನೋಡಿದರೆ ಎರಡು ಬಗೆಯ ಮಲೇರಿಯಾದಲ್ಲಿ ಕೆಟ್ಟದ್ದೇ. ಓಬಳಮ್ಮ ಜೀಪಿನ ಹಿಂದಿನ ಸೀಟಿನಲ್ಲಿ ಲಲಿತಾಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಚಳ್ಳಕೆರೆಯವರೆಗೂ ಒದ್ದೆ ಬಟ್ಟೆಯಿಂದ ಅವಳ ಹಣೆ ಒರೆಸುತ್ತಾ, "ಏಮೀ ಕಾದು ತಲ್ಲೀ, ಏಮೀ ಕಾದು" ಎಂದು ತೆಲುಗಿನಲ್ಲಿ ಹೇಳುತ್ತಲೇ ಇದ್ದರು. ಏನೂ ಆಗಲ್ಲ ತಾಯಿ ಎಂದು.

ಆಸ್ಪತ್ರೆಯವರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಲಲಿತಾ ಉಳಿದಳು. ಮಗು ಉಳಿಯಲಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ವೆಂಕಟೇಶಪ್ಪ ಗೋಡೆಗೆ ಒರಗಿ ಕೂತಿದ್ದರು. ಓಬಳಮ್ಮ ಹತ್ತಿರ ಹೋಗಿ ಏನೋ ಸಮಾಧಾನ ಹೇಳಲು ಬಾಯಿ ತೆರೆದರು. ಯಾವತ್ತೂ ದನಿ ಎತ್ತದ ಆ ಮನುಷ್ಯ ಅಂದೂ ಎತ್ತಲಿಲ್ಲ. ತಲೆ ತಗ್ಗಿಸಿಕೊಂಡೇ, "ಮೇಮು ನೀಳ್ಳು ಅಡಿಗಿತಿಮಿ. ನುವ್ವು ಓಟು ಅಡಿಗಿತಿವಿ," ಅಂದರು. ನಾವು ನೀರು ಕೇಳಿದೆವು, ನೀನು ಓಟು ಕೇಳಿದೆ.

 ಎರಡು ಭಾಷೆಯಲ್ಲಿ ಜಗಳವಾಡಬಲ್ಲ ಓಬಳಮ್ಮನವರಿಗೆ ಅವತ್ತು ಒಂದು ಭಾಷೆಯೂ ಒದಗಲಿಲ್ಲ. ವಾಪಸು ಬರುವಾಗ ಜೀಪಿನಲ್ಲಿ ಒಂದೇ ಒಂದು ಸಲ ಮಾತಾಡಿದರು. "ನಾನು ಆ ಬಟ್ಲು ಚೆಲ್ಲಿದ್ನಲ್ಲಪ್ಪ," ಅಂದರು. 

ಮರುದಿನ ಬೆಳಿಗ್ಗೆ ನೀರು ಬಿಡುವವನಿಗೆ ಸಲಾಕೆ ಕೊಟ್ಟು, "ಇನ್ಮೇಲೆ ಇದು ನಿನ್ನ ಹತ್ರಾನೇ ಇರ್ಲಿ. ಎಲ್ಲಾ ಬೀದಿಗೂ ದಿನ ಬಿಟ್ಟು ದಿನ. ನನ್ನ ಕೇಳಾಕೆ ಬರಬ್ಯಾಡ" ಅಂದರಂತೆ. ಎಲ್ಲರಿಗೂ ಹಂಚಿದ ಮೇಲೆ ಮೇಲಿನ ಕೇರಿಯ ನಲ್ಲಿಗಳು ಬೇಗ ನಿಲ್ಲತೊಡಗಿದವು. ಅದಕ್ಕಿಂತ ದೊಡ್ಡ ಗಲಾಟೆ ಆದದ್ದು ಟ್ಯಾಂಕರಿನದು. ಪಂಚಾಯ್ತಿ ಬೋರಿಗೆ ಪೈಪು ಹಾಕಕೂಡದು ಎಂದು ಓಬಳಮ್ಮ ಹೇಳಿದ ದಿನ ನಾನು ಅವರ ಮನೆಯ ಜಗಲಿಯಲ್ಲಿದ್ದೆ. ತಿಪ್ಪೇಸ್ವಾಮಿ ಚಪ್ಪಲಿ ಬಿಡದೆ ಮೆಟ್ಟಿಲು ಹತ್ತಿದ.

"ಅತ್ತಿಗೆಮ್ಮಾ, ನಿನ್ನ ಎಲೆಕ್ಷನ್‌ಗೆ ಜೀಪು ಓಡಿಸ್ದೋನು ನಾನು. ಜನ ಕರೆತಂದೋನು ನಾನು. ಈಗ ನನ್ನ ಹೊಟ್ಟೆ ಮ್ಯಾಲೆ ಹೊಡೀತೀಯಾ?"

"ಟ್ಯಾಂಕರ್ ಓಡಿಸ್ಬ್ಯಾಡ ಅಂದ್ನೇನೋ? ನಿನ್ನ ತೋಟದ ಬೋರ್‌ನಾಗೆ ತುಂಬ್ಸಿ ಮಾರ್ಕೋ."

"ನನ್ನ ಬೋರ್ ತೋಟಕ್ಕೇ ಸಾಲ್ತಿಲ್ಲ."

"ಹಂಗಾರೆ ಊರ ಬೋರ್ ಊರಿಗೆ ಸಾಲ್ತದೇನೋ?"

"ಆ ಬೀದಿಯೋರು ನಿನಗೆ ಓಟು ಹಾಕಿಲ್ಲ. ನಾಳಿಕೂ ಹಾಕಲ್ಲ. ಬರ್ದಿಟ್ಕೋ."

"ಗೊತ್ತೈತೆ ಬಿಡೋ," ಅಂದರು ಓಬಳಮ್ಮ. "ಆ ಕೂಸಿಗೆ ಓಟು ಇರ್ಲಿಲ್ಲ."

ತಿಪ್ಪೇಸ್ವಾಮಿ ಮೆಟ್ಟಿಲು ಇಳಿದು ಹೋದ. ಆಮೇಲೆ ಆ ಮನೆಯ ಹಬ್ಬಕ್ಕೂ ಬರಲಿಲ್ಲ. ಬೋರಣ್ಣ ತಮ್ಮನ ಪರವೂ ಮಾತಾಡದೆ, ಹೆಂಡತಿಯ ಪರವೂ ಮಾತಾಡದೆ ಎಮ್ಮೆಯ ಬೆನ್ನು ತಿಕ್ಕುತ್ತಾ ನಿಂತಿದ್ದರು. ಮನೆಯ ನಲ್ಲಿ ನಿಂತ ದಿನಗಳಲ್ಲಿ ಮಾತ್ರ ಅವರೇ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ನೀರು ತರುತ್ತಿದ್ದುದನ್ನು ನಾನು ಕಂಡಿದ್ದೇನೆ.

ಜ್ವರದ ಸುದ್ದಿ ಮೇಲಕ್ಕೆ ಹೋಗಿ ಒಬ್ಬ ಅಧಿಕಾರಿ ವಿಚಾರಿಸಲು ಬಂದರು. ಕೆಟ್ಟ ಮನುಷ್ಯರೇನಲ್ಲ. ಆದರೆ ಅವರ ಮೇಲೂ ಒಬ್ಬರಿದ್ದರು, ಆ ವರ್ಷ ಎಲ್ಲರೂ ಮಲೇರಿಯಾ ಲೆಕ್ಕದಲ್ಲಿ ಸೊನ್ನೆಯನ್ನು ಎದುರು ನೋಡುತ್ತಿದ್ದರು. ಪಂಚಾಯ್ತಿ ಕಟ್ಟಡದಲ್ಲಿ ಕೂತು ನಯವಾಗಿ ಹೇಳಿದರು: "ಇದು ಕರಾವಳಿಯಿಂದ ಬಂದ ಜ್ವರ. ಹೊರಗಿನ ಕೇಸು ಅಂತ ತೋರಿಸೋಣ. ನಿಮ್ಮ ಊರಿಗೂ ಕೆಟ್ಟ ಹೆಸರು ಬರೋದಿಲ್ಲ."

ನಾನು ಓಬಳಮ್ಮನವರನ್ನು ನೋಡಿದೆ. ಊರಿನ ಮಾನ ಎಂದರೆ ಎಂಥ ಅಧ್ಯಕ್ಷರೂ ಒಪ್ಪಿಬಿಡುವ ಮಾತು ಅದು. ಅವರು ಶೇಂಗಾ ಒಡೆದರು.

"ಸಾರ್, ಹೊರಗಿಂದು ಅಂದ್ರೆ ಯಾರಿಗೇನು ಐತೆ?"

"ಅಂದರೆ?"

"ನಮ್ಮೂರಿಂದು ಅಂದ್ರೆ ಏನು ಬರ್ತದೆ, ಹೊರಗಿಂದು ಅಂದ್ರೆ ಏನು ಬರಲ್ಲ, ಅದು ಹೇಳ್ರಿ."

ಅಧಿಕಾರಿ ನನ್ನ ಕಡೆ ನೋಡಿದರು. ನಾನು ಹೇಳಿದೆ: ಜ್ವರ ಇಲ್ಲೇ ಹರಡುತ್ತಿದೆ ಎಂದಾದರೆ ಪೂರ್ತಿ ಊರಿಗೆ ಪರದೆ, ಔಷಧಿ, ಜನ, ತಿಂಗಳುಗಟ್ಟಲೆ ತಪಾಸಣೆ ಬರುತ್ತದೆ. ಹೊರಗಿನದು ಎಂದರೆ ಆ ಇಬ್ಬರು ಹುಡುಗರಿಗೆ ಮಾತ್ರೆ ಕೊಟ್ಟು ಮುಗಿಸುತ್ತೇವೆ.

"ಲಲಿತಾ ಅಂತ ಒಂದು ಹೆಣ್ಣುಮಗಳು ಸಾರ್," ಅಂದರು ಓಬಳಮ್ಮ. "ಅವಳು ಸಮುದ್ರ ನೋಡಿಲ್ಲ. ಜರ ಬರಾ ತನ್ಕ ಮೊಳಕಾಲ್ಮೂರು ಬಿಟ್ರೆ ರಾಯದುರ್ಗ, ಅಷ್ಟೇ. ಅವಳಿಗೆ ಕಚ್ಚಿದ್ದು ನಮ್ಮೂರ ಸೊಳ್ಳೆ, ನಮ್ಮೂರ ತೊಟ್ಟೀದು, ನಾನು ಬಿಟ್ಟ ನೀರಾಗೆ ಹುಟ್ಟಿದ್ದು. ಇದು ನಮ್ಮೂರ ಜರ. ಹಂಗೇ ಬರ್ಕೊಳ್ರಿ. ಕೆಟ್ಟ ಹೆಸ್ರು ಬಂದ್ರೆ ನನಗೆ ಬರ್ಲಿ."

ಅಧಿಕಾರಿ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕೊನೆಗೆ ಓಬಳಮ್ಮ ಹೇಳಿದಂತೆಯೇ ಆಯಿತು. ಮುಂದಿನ ದಿನಗಳಲ್ಲಿ ಊರಿಗೆ ಬಂದಷ್ಟು ಜೀಪುಗಳನ್ನು ನಾನು ಮತ್ತೆ ಎಲ್ಲೂ ನೋಡಿಲ್ಲ.

ಔಷಧಿ ಹೊಡೆಯುವ ಮೊದಲು ಪ್ರತಿ ಮಗ್ಗಕ್ಕೂ ಪ್ಲಾಸ್ಟಿಕ್ ಹೊದಿಸಬೇಕೆಂದು ಓಬಳಮ್ಮ ಹಟ ಹಿಡಿದು ತರಿಸಿದರು. ನೂಲು ಕೊಡುವ ಸಾಹುಕಾರರ ಮನೆಗೆ ಮೊಳಕಾಲ್ಮೂರಿಗೆ ತಾವೇ ಹೋದರು. ಅಲ್ಲಿ ಏನು ಮಾತಾಯಿತೋ ಗೊತ್ತಿಲ್ಲ, ನೂಲು ನಿಲ್ಲಲಿಲ್ಲ. ತೊಟ್ಟಿಗಳಿಗೆ ಸೊಳ್ಳೆಮರಿ ತಿನ್ನುವ ಸಣ್ಣ ಮೀನು ಬಿಡಲು ಹೋದಾಗ ಮತ್ತೊಂದು ತಕರಾರು. ನೇಕಾರರ ಬೀದಿಯ ಅಜ್ಜಿಯರು ಕುಡಿಯುವ ನೀರಿಗೆ ಮೀನು ಬಿಡಿಸಿಕೊಳ್ಳಲು ಸುತರಾಂ ಒಪ್ಪಲಿಲ್ಲ. ದೇವರ ನೈವೇದ್ಯಕ್ಕೆ ಇದೇ ನೀರು ಎಂದರು. ಓಬಳಮ್ಮ ತಮ್ಮ ಮನೆಯ ತೊಟ್ಟಿಗೆ ಮೀನು ಬಿಡಿಸಿ, ಅಜ್ಜಿಯರನ್ನೆಲ್ಲ ಕರೆಸಿ, ಅದರಲ್ಲೇ ಚೊಂಬು ಅದ್ದಿ ಗಟಗಟ ಕುಡಿದರು. ಒಬ್ಬಾಕೆ ಹತ್ತಿರ ಬಂದು ಬಗ್ಗಿ, "ಬಾಯಾಗೆ ಮೀನು ಹೋಯ್ತೇನೆ?" ಎಂದು ಕೇಳಿದಳು. "ಹೋಗಿದ್ರೆ ಹೊಟ್ಟೇಲಿರೋ ಸೊಳ್ಳೆ ತಿನ್ಲಿ ಬಿಡವ್ವ," ಎಂದರು ಓಬಳಮ್ಮ. ಅಜ್ಜಿಯರು ನಕ್ಕಿದ್ದೇ ನಕ್ಕಿದ್ದು. ದೇವರಿಗೆ ಬೇರೆ ಕೊಡದಲ್ಲಿ ನೀರು ಹಿಡಿಯುವುದೆಂದು ತೀರ್ಮಾನವಾಗಿ ಮೀನುಗಳು ಬೀದಿ ಸೇರಿದವು.

ಮುಂದಿನ ಬೇಸಿಗೆಯ ಹೊತ್ತಿಗೆ ಊರಲ್ಲಿ ಜ್ವರ ಇರಲಿಲ್ಲ. ಅದರ ಮುಂದಿನ ವರ್ಷ ಚುನಾವಣೆ ಬಂತು, ಓಬಳಮ್ಮ ಸೋತರು. ಮೇಲಿನ ಕೇರಿಯವರಿಗೆ ನೀರು ಕಡಿಮೆಯಾದ ಸಿಟ್ಟಿತ್ತು. ತಿಪ್ಪೇಸ್ವಾಮಿ ಎದುರು ಪಕ್ಷಕ್ಕೆ ಜೀಪು ಓಡಿಸಿದ. ನೇಕಾರರು ಮತ್ತೆ ತಮ್ಮವರನ್ನೇ ನಿಲ್ಲಿಸಿದರು. ಲಲಿತಾ ಮಾತ್ರ ಓಬಳಮ್ಮನವರಿಗೇ ಓಟು ಹಾಕಿದ್ದಾಗಿ ಅವರ ಕಿವಿಯಲ್ಲಿ ಹೇಳಿ ಹೋದಳಂತೆ.

ಬೇಜಾರಾಗಿರಬಹುದೆಂದು ನೋಡಲು ಹೋದೆ. ಅವರು ಹೊಸ ಒಗಟು ಸಿಕ್ಕವರಂತೆ ಕೂತಿದ್ದರು. "ಅಲ್ಲಪ್ಪ, ನಲ್ಲಿ ಹಾಕ್ಸಿದ್ರೆ ಜನಕ್ಕೆ ನಲ್ಲಿ ಕಾಣ್ತದೆ. ರೋಡು ಮಾಡ್ಸಿದ್ರೆ ರೋಡು ಕಾಣ್ತದೆ. ಜರ ಬರ್ದೇ ಇರಾದು ಯಾರಿಗೆ ಕಾಣ್ತದೆ ಹೇಳು? ಇಲ್ದಿರಾದಕ್ಕೆ ಓಟು ಹೆಂಗೆ ಕೇಳಾದು?" ಎಂದು ನನ್ನನ್ನೇ ಕೇಳಿದರು.  ನಮ್ಮ ಇಲಾಖೆಗೂ ಅದು ಕಂಡಿರಲಿಲ್ಲ. ಆ ಊರಿಗೆ ಬಂದಿದ್ದ ಜನರನ್ನೆಲ್ಲ ಅಷ್ಟರಲ್ಲಿ ಬೇರೆ ಕಡೆ ಕಳಿಸಿದ್ದರು. ಮೇಲಿನ ಕೇರಿಯಿಂದಲೇ ಗೆದ್ದ ಹೊಸ ಅಧ್ಯಕ್ಷರು ನೀರಿನ ಪಾಳಿಯನ್ನು ಬದಲಿಸಲು ನೋಡಿದರಂತೆ. ಒಮ್ಮೆ ರೂಢಿಯಾದ ಮೇಲೆ ನೇಕಾರರ ಬೀದಿ ಬಿಟ್ಟುಕೊಡಲಿಲ್ಲ.

ಓಬಳಮ್ಮ ಈಗಿಲ್ಲ. ಹೋದ ವರ್ಷ ಹೊಲದಲ್ಲಿ ಎದೆನೋವು ಬಂದು ಕುಸಿದರು, ಆಸ್ಪತ್ರೆಗೆ ತಲುಪಲಿಲ್ಲ. ನನಗೆ ಸುದ್ದಿ ಮುಟ್ಟಿದಾಗ ಮಣ್ಣು ಮಾಡಿ ಮುಗಿದಿತ್ತು. ವೆಂಕಟೇಶಪ್ಪ ಒಂದು ಹೊಸ ರೇಷ್ಮೆ ಸೀರೆ ತಂದು ಹೊದಿಸಿದರೆಂದು ಬೋರಣ್ಣ ಫೋನಿನಲ್ಲಿ ಹೇಳಿದರು, ಹೇಳುತ್ತಾ ಅತ್ತರು.

ಅದಕ್ಕೂ ಮೊದಲು, ನಾನು ಚಳ್ಳಕೆರೆ ಕಡೆಗೆ ವರ್ಗವಾದ ಮೇಲೆ, ಒಂದು ಸಲ ಸಿಕ್ಕಿದ್ದರು. ದೊಡ್ಡಉಳ್ಳಾರ್ತಿಯ ತಂಗಿಯ ಮನೆಗೆ ಬಂದಿದ್ದವರು ಬಸ್ಸಿಗೆ ಕಾಯುತ್ತಿದ್ದರು. ದನ ಮೇಯುವ ಹುಲ್ಲು ಕಾವಲಿನ ಅಂಚಿನಲ್ಲಿ ಯಾವುದೋ ಕಟ್ಟಡದ ಕೆಲಸಕ್ಕೆ ಒಡಿಶಾದಿಂದ ಬಂದ ಕೂಲಿಯವರು ತಗಡಿನ ಶೆಡ್ಡುಗಳಲ್ಲಿದ್ದರು. ಅವರ ರಕ್ತ ಪರೀಕ್ಷೆಗೆ ಹೊರಟಿದ್ದೇನೆ ಎಂದೆ. "ನಡಿ, ನೋಡಾನ" ಎಂದು ಬೈಕಿನ ಹಿಂದೆ ಹತ್ತಿಯೇ ಬಿಟ್ಟರು.

ಶೆಡ್ಡುಗಳ ಹಿಂದೆ ನೀರು ತುಂಬಿದ ಗುಂಡಿಗಳು, ಮುಚ್ಚಳವಿಲ್ಲದ ಡ್ರಮ್ಮುಗಳು. ಗಂಡಸರು ಕೆಲಸ ಬಿಟ್ಟು ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆಂದು ಬರಲಿಲ್ಲ. ಓಬಳಮ್ಮ ಸುತ್ತಲೂ ನೋಡಿ, "ಇವ್ರ ಓಟು ಎಲ್ಲೈತೆ?" ಎಂದು ಕೇಳಿದರು.

"ಅವರೂರಲ್ಲಿ."

"ಹಂಗಾರೆ ಇಲ್ಲಿ ಇವ್ರಿಗೆ ನೀರು ಕೊಟ್ರೆಷ್ಟು, ಬಿಟ್ರೆಷ್ಟು ಅಂತಾರೆ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ಸೂಪರ್‌ವೈಸರ್ ಇದ್ದ ಕಡೆ ನಡೆದರು. ನಾನು ಹಿಂದೆಯೇ ಹೋದೆ. ಯಾರು ನೀವು ಎಂದು ಆತ ಕೇಳಿದ. "ಯಾರೂ ಅಲ್ಲಪ್ಪ. ಬಸ್ಸಿಗೆ ಬಂದೋಳು. ಇವ್ರು ಜರ ಬಂದು ಮಲಗಿದ್ರೆ ನಿನ್ನ ಕೆಲ್ಸ ಎಷ್ಟು ದಿನ ನಿಲ್ತದೆ, ಅದೊಂದು ಯೋಚ್ನೆ ಮಾಡು" ಅಂದರು. ಆತ ಯೋಚಿಸಿದ. ಊಟದ ಹೊತ್ತಿಗೆ ಎಲ್ಲರನ್ನೂ ಕಳಿಸುವುದಾಗಿ ಒಪ್ಪಿದ; ಡ್ರಮ್ಮುಗಳಿಗೆ ಮುಚ್ಚಳ ತರಿಸುತ್ತೇನೆಂದ. ಮುಚ್ಚಳ ಬಂದವೋ ಇಲ್ಲವೋ ಎಂದು ಓಬಳಮ್ಮ ಆಮೇಲೆ ಎರಡು ಸಲ ಫೋನು ಮಾಡಿ ನನ್ನನ್ನು ಕೇಳಿದರು. ಬಂದಿದ್ದವು.

ನಾನು ಊಟಕ್ಕೆ ಬಂದವರ ಬೆರಳು ಚುಚ್ಚುತ್ತಾ ಕೂತೆ. ಓಬಳಮ್ಮ ಒಂದು ಶೆಡ್ಡಿನ ಬಾಗಿಲಲ್ಲಿ ಕೂತು, ಎಳೆಮಗುವನ್ನು ಎತ್ತಿಕೊಂಡ ಒಬ್ಬ ಹೆಂಗಸಿನ ಜೊತೆ ಮಾತಿಗೆ ಇಳಿದಿದ್ದರು. ಇವರ ಕನ್ನಡ ಅವಳಿಗೆ ತಿಳಿಯದು, ಅವಳ ಮಾತು ಇವರಿಗೆ ತಿಳಿಯದು. ತೆಲುಗು ಪ್ರಯತ್ನಿಸಿದರು, ಆಗಲಿಲ್ಲ. ಕೊನೆಗೆ ಓಬಳಮ್ಮ ಮಗುವಿನ ಹಣೆ ಮುಟ್ಟಿ, ಮೈ ನಡುಗಿಸಿ ತೋರಿಸಿ, "ಜರ? ಜರ?" ಎಂದರು.

ಆ ಹೆಂಗಸು ಕಣ್ಣರಳಿಸಿ ತಲೆಯಾಡಿಸಿದಳು. "ಜರ! ಜರ!" ಎಂದು ತನ್ನ ಎದೆ ಮುಟ್ಟಿಕೊಂಡು ತೋರಿಸಿದಳು. ಅವರ ಭಾಷೆಯಲ್ಲೂ ಅದೇ ಮಾತು.

"ಇನ್ಸ್‌ಪೆಟ್ರೇ!" ಓಬಳಮ್ಮ ಅಲ್ಲಿಂದಲೇ ಕೂಗಿದರು. ಮುಖದ ತುಂಬ ಬೆರಗು. "ಬಾರೋ ಇಲ್ಲಿ. ಈ ಯಮ್ಮಂಗೆ ಮೈಯಾಗೆ ಹುಷಾರಿಲ್ಲ. ಮೊದ್ಲು ಇವಳ ರಕ್ತ ನೋಡು."

ನಾನು ಪೆಟ್ಟಿಗೆ ಎತ್ತಿಕೊಂಡು ಹೋದೆ. ಸೂಜಿ ಕಂಡು ಅವಳು ಹಿಂಜರಿದಾಗ ಓಬಳಮ್ಮ ಮಗುವನ್ನು ತಮ್ಮ ತೋಳಿಗೆ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಅವಳ ಬೆರಳನ್ನು ಹಿಡಿದು ನನ್ನ ಕಡೆ ಚಾಚಿದರು. ರಸ್ತೆಯಲ್ಲಿ ಅವರ ಊರ ಕಡೆಯ ಬಸ್ಸು ಹಾರ್ನ್ ಮಾಡಿ ಹೋಯಿತು. ಅವರು ತಿರುಗಿಯೂ ನೋಡಲಿಲ್ಲ.